ಹೋಗುವ ನೀರು ಯಾರದು?

ನಾನು ವಿಜ್ಞಾನ ಕಲಿಸುವವಳು. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂದು ಇಪ್ಪತ್ತು ವರ್ಷಗಳಿಂದ ಲಿಂಗಸುಗೂರಿನ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಪರೀಕ್ಷೆಯಲ್ಲಿ ಅದನ್ನು ಬರೆಯದವರ ಅಂಕ ಕಳೆದಿದ್ದೇನೆ. ಆ ಮಕ್ಕಳೆಲ್ಲರ ಕ್ಷಮೆ ಕೇಳುವ ಕಾಲ ಈಗ ಬಂದಿದೆ, ಏಕೆಂದರೆ ನಮ್ಮ ಮನೆಯ ಬಚ್ಚಲಿನಲ್ಲಿ ನೀರು ಎತ್ತಲೂ ಹರಿಯಲಿಲ್ಲ. ಹಾಕಿದಲ್ಲೇ ನಿಂತಿತು. ಅದನ್ನು ನೋಡುತ್ತ ನಾನೂ ನಿಂತೆ. ಹನ್ನೊಂದು ದಿನ ಹೀಗೆ ನಿಂತು ನಿಂತು ನನಗೆ ಬಂದ ಸಿಟ್ಟು ಎಷ್ಟೆಂದರೆ, ಅದನ್ನು ಬರೆದು ತೀರಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಇಂಥ ಕೇಡು ಒಮ್ಮೆಲೇ ಬರುವುದಿಲ್ಲ ನೋಡಿ. ಮೊದಲು ನೀರು ತುಸು ತಡೆದು ಹೋಗತೊಡಗಿತು. ಕಚೇರಿಯ ಗುಮಾಸ್ತರು ಅರ್ಜಿ ನೋಡುವ ಹಾಗೆ ಜಾಲರಿಯ ಸುತ್ತ ಒಂದು ಸುತ್ತು ಬಂದು, ಯೋಚಿಸಿ, ಆಮೇಲೆ ಇಳಿಯುತ್ತಿತ್ತು. ನಾವು ಗಮನಿಸಲಿಲ್ಲ. ಆಮೇಲೆ ಮೂರನೆಯ ಚೊಂಬಿಗೆ ಕಾಲ್ಬೆರಳು ಮುಳುಗತೊಡಗಿದವು, ಹತ್ತನೆಯ ಚೊಂಬಿಗೆ ಹಿಮ್ಮಡಿ. ಆಗ ತಿಳಿಯಿತು, ಸ್ನಾನವೆಂದರೆ ಮೇಲಿನ ಕೊಳೆಯನ್ನು ಕಾಲಿಗೆ ಇಳಿಸಿಕೊಳ್ಳುವುದು ಮಾತ್ರ. ಅದನ್ನು ಅಲ್ಲಿಂದ ಆಚೆಗೆ ಒಯ್ಯುವುದು ಬಚ್ಚಲಿನ ಕೆಲಸ, ಅದು ಕೈಬಿಟ್ಟರೆ ನಾವು ನಮ್ಮದೇ ಕೊಳೆಯಲ್ಲಿ ನಿಂತು ತಲೆಯ ಮೇಲೆ ಶುದ್ಧ ನೀರು ಹಾಕಿಕೊಳ್ಳುವ ಮೂರ್ಖರು.

ಕಾರಣ ಹೇಳುವವರಿಗೆ ಬರವಿರಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಹೆಂಗಸರ ಕೂದಲು. ಇದನ್ನು ಮೊದಲು ಘೋಷಿಸಿದವರು ನಮ್ಮ ಮನೆಯವರು. ಅವರ ತಲೆಯ ಮೇಲೆ ಉಳಿದಿರುವ ಕೂದಲನ್ನು ಒಂದನೆಯ ತರಗತಿಯ ಮಗು ಎಣಿಸಿ ಮುಗಿಸಬಹುದು. ಹಾಗಿದ್ದರೆ ಅವರ ತಲೆಯಿಂದ ಇಷ್ಟು ವರ್ಷ ಉದುರಿದ್ದು ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. ಇನ್ನೊಂದು ಮಾತು ಹೇಳಿಬಿಡುತ್ತೇನೆ. ಈ ಮನುಷ್ಯ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ನೀರಾವರಿ ಕಚೇರಿಯಲ್ಲಿ ಕುಳಿತು, ಕಾಲುವೆಯ ಯಾವ ತೂಬಿನಿಂದ ಎಷ್ಟು ನೀರು ಬಿಟ್ಟರೆಂದು ಬರೆದಿಡುವವರು. ಅಷ್ಟು ದೂರದ ಅಣೆಕಟ್ಟಿನ ನೀರು ಗೊರೇಬಾಳದ ಗದ್ದೆಗೆ ಯಾವತ್ತು ಮುಟ್ಟುತ್ತದೆಂದು ಬೆರಳು ಮಡಚಿ ಹೇಳುತ್ತಾರೆ. ತಮ್ಮ ಬಚ್ಚಲಿನ ಒಂದು ಕೊಡ ನೀರು ಆರು ಮಾರು ದೂರದ ಗಟಾರಕ್ಕೆ ಮುಟ್ಟುವುದು ಯಾವಾಗ ಎಂದರೆ ಮಾತ್ರ, ಅದು ತಮ್ಮ ವಿಭಾಗಕ್ಕೆ ಬರುವುದಿಲ್ಲ ಎಂಬಂತೆ ಪೇಪರು ಬಿಡಿಸುತ್ತಾರೆ.

ಎದುರುಮನೆಯ ಗಿರಿಜಕ್ಕ ಮದ್ದು ಹೇಳಿದರು. ಅಡುಗೆ ಸೋಡಾ ಸುರಿದು ಮೇಲೆ ನಿಂಬೆರಸ ಹಿಂಡಬೇಕಂತೆ, ಅವರ ಮೊಬೈಲಿನಲ್ಲಿ ಬಂದಿತ್ತು. ಸೋಡಾ ಮತ್ತು ಆಮ್ಲ ಸೇರಿದರೆ ಏನಾಗುತ್ತದೆಂದು ನಾನೇ ಕಲಿಸುವ ಪಾಠ. ಆದರೂ ಮಾಡಿದೆ. ಬುರಬುರನೆ ನೊರೆ ಬಂತು, ಜಾಲರಿ ಒಂದು ಗಳಿಗೆ ಶಾಲೆಯ ವಿಜ್ಞಾನ ಮೇಳದ ಜ್ವಾಲಾಮುಖಿಯಂತೆ ಕಂಡಿತು, ನಾನು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟುವವಳಿದ್ದೆ. ನೊರೆ ಇಳಿಯಿತು, ನೀರು ಇಳಿಯಲಿಲ್ಲ. ಆಮೇಲೆ ಕುದಿಯುವ ನೀರು, ಆಮೇಲೆ ಉಪ್ಪು, ಆಮೇಲೆ ಸೈಕಲ್ಲಿನ ಹಳೆಯ ತಂತಿ. ತಂತಿ ಒಂದು ಮೊಳ ಹೋಗಿ ಏನಕ್ಕೋ ತಾಗಿ ನಿಂತಿತು. ಅದು ಕೂದಲಿಗೆ ತಾಗಿದಂತೆ ಇರಲಿಲ್ಲ, ಗಟ್ಟಿಯಾಗಿ ಟಕ್ಕೆಂದಿತು. ಅದನ್ನು ಹೇಳಿದರೆ ನಮ್ಮ ಮನೆಯವರು, ಕೂದಲು ಬಹಳ ದಿನ ಆದರೆ ಗಟ್ಟಿಯಾಗುತ್ತದೆ ಎಂದರು.

ಹೀಗೆ ನೀರು ನಿಂತದ್ದಕ್ಕೆ ಸಂತೋಷಪಡುವವರೂ ಇದ್ದಾರೆ ಎಂದರೆ ನಂಬುತ್ತೀರಾ? ನಮ್ಮ ಮನೆಯವರ ಜೊತೆ ಕೆಲಸ ಮಾಡುವ ಒಬ್ಬರು ಸಿಂಧನೂರಿನಲ್ಲಿ ಹೊಸ ಮನೆ ಕಟ್ಟಿಸಿ ಅದರಲ್ಲಿ ಬಿಳಿಯ ಬಾತ್‌ಟಬ್ಬು ಇಡಿಸಿದರು. ಗೃಹಪ್ರವೇಶಕ್ಕೆ ಹೋದವರೆಲ್ಲ ದೇವರ ಮನೆಗಿಂತ ಮೊದಲು ಅದನ್ನು ನೋಡಿದೆವು. ಊರಿಗೆ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ. ಹಾಗಾಗಿ ಆ ಟಬ್ಬು ಮೊದಲ ವಾರದಲ್ಲೇ ನೀರಿನ ತೊಟ್ಟಿಯಾಯಿತು. ಅದರೊಳಗೆ ಇಂದಿನವರೆಗೆ ಯಾರೂ ಕಾಲಿಟ್ಟಿಲ್ಲ. ಅವರೂ ಅವರ ಹೆಂಡತಿಯೂ ಅದರ ಪಕ್ಕದಲ್ಲಿ ಮಣೆ ಹಾಕಿ ಕುಳಿತು, ಚೊಂಬಿನಿಂದ ಮೊಗೆದು ಸ್ನಾನ ಮಾಡುತ್ತಾರೆ. ಒಮ್ಮೆ ತೊಳೆಯಲೆಂದು ಬಿರಡೆ ಕಿತ್ತರೆ ನೀರು ಕದಲಲಿಲ್ಲವಂತೆ, ಕಾಲುವೆಯ ಕೆಸರು ತಳದಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಅವರಿಗೆ ಬಹಳ ಖುಷಿಯಾಯಿತು, ಇನ್ನು ಬಿರಡೆ ಕಳೆದರೂ ಚಿಂತೆಯಿಲ್ಲ ಎಂದು. ನಮ್ಮ ಬಚ್ಚಲಿನ ಸುದ್ದಿ ಕೇಳಿ ಅವರು ಫೋನಿನಲ್ಲಿ ಹೇಳಿದ್ದು, ನೀರು ನಿಲ್ಲುವ ಮನೆ ಒಳ್ಳೆಯದು, ಬಿಡಿ. ನಾನು ಫೋನು ಇಟ್ಟೆ.

ಇದನ್ನೆಲ್ಲ ನೋಡಿದಾಗ ನನಗೆ ಅನಿಸುವುದು, ನಮ್ಮ ಸೀಮೆಯವರಿಗೆ ಬರುವ ನೀರಿನ ಮೇಲೆ ಇರುವ ಭಕ್ತಿಯಲ್ಲಿ ಕಾಲುಪಾಲೂ ಹೋಗುವ ನೀರಿನ ಮೇಲೆ ಇಲ್ಲ. ಕಾಲುವೆಗೆ ನೀರು ಬಿಟ್ಟರೆ ಬಾಗಿನ ಕೊಡುತ್ತೇವೆ. ಬೋರಿಗೆ ನೀರು ಬಿದ್ದರೆ ಕಾಯಿ ಒಡೆಯುತ್ತೇವೆ. ಹೊಸ ನಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ ಹೂ ಏರಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ. ಗಟಾರಕ್ಕೆ ಯಾರಾದರೂ ಹೂ ಏರಿಸಿದ್ದನ್ನು ನೋಡಿದ್ದೀರಾ? ಮನೆ ಕಟ್ಟುವಾಗ ನೀರಿನ ಟಾಕಿ ಯಾವ ದಿಕ್ಕಿಗಿರಬೇಕೆಂದು ಮೂರು ಜನರನ್ನು ಕೇಳುವವರು, ಬಳಸಿದ ನೀರು ಎತ್ತ ಹೋಗಬೇಕೆಂದರೆ ಕೈ ಬೀಸಿ 'ಆ ಕಡೆ' ಎನ್ನುತ್ತಾರೆ. ಆ ಕಡೆ ಯಾರಿದ್ದಾರೆ ಎಂದು ಯಾರೂ ನೋಡುವುದಿಲ್ಲ.

ಸಾವಿರಾರು ವರ್ಷಗಳ ಹಿಂದಿನ ಹಾಳು ನಗರಗಳನ್ನು ಅಗೆದಾಗ ಇಟ್ಟಿಗೆಯ ಚರಂಡಿಗಳು ಸಿಕ್ಕವೆಂದು ಸಮಾಜ ಪಾಠದಲ್ಲಿ ಓದುತ್ತೇವಲ್ಲ, ಅದರಲ್ಲಿ ನನಗೆ ಬಹಳ ಹಿಡಿಸುವ ವಿಷಯ ಅವುಗಳ ಮೇಲಿನ ಕಲ್ಲಿನ ಮುಚ್ಚಳ. ಎತ್ತಿ ಒಳಗೆ ನೋಡಬಹುದಾದ ಮುಚ್ಚಳ. ಅಂದರೆ, ಹೋಗುವ ನೀರೂ ಒಂದು ದಿನ ನಿಲ್ಲುತ್ತದೆ, ಆಗ ಯಾರಾದರೂ ಬಗ್ಗಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಬಗ್ಗುವವರು ಯಾರಾಗಿದ್ದರು ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ. ನನ್ನ ತವರು ಮಸ್ಕಿಯ ಗುಡ್ಡದಲ್ಲಿ ಹಳೆಯ ರಾಜನೊಬ್ಬನ ಶಾಸನವಿದೆ. ಒಳ್ಳೆಯ ದಾರಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ತೆರೆದಿದೆ ಎಂಬ ಅರ್ಥದ ಮಾತು ಅದರಲ್ಲಿದೆಯೆಂದು ಬಲ್ಲವರು ಹೇಳುತ್ತಾರೆ. ಆ ಬಂಡೆ ನೋಡಲು ದೂರದಿಂದ ಜನ ಬರುತ್ತಾರೆ. ಅದೇ ಊರಿನಲ್ಲಿ ನನ್ನ ಅವ್ವ ಹುಲಿಗೆಮ್ಮ, ಮೂವತ್ತು ವರ್ಷ ನಾಲ್ಕು ಮನೆಗಳ ಬಚ್ಚಲು ಮತ್ತು ಗಟಾರ ಬಳಿದಳು. ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂದು ಪಠ್ಯದಲ್ಲಿದೆ. ಕೊಳೆ ತೆಗೆಯುವ ಕೆಲಸವೂ ಹಾಗೆಯೇ ಹರಿಯುತ್ತದೆ ಎಂಬುದು ಪಠ್ಯದಲ್ಲಿಲ್ಲ, ಅದನ್ನು ನಾನು ಮನೆಯಲ್ಲೇ ಕಲಿತೆ.

ಈ ವಿಷಯ ಈಗ ಯಾಕೆ ಬಂತೆಂದರೆ, ಏಳನೆಯ ದಿನ ಪ್ಲಂಬರ್ ವೀರೇಶ ಬಂದಿದ್ದ. ನಮ್ಮ ಮನೆಯ ನಲ್ಲಿ, ಟಾಕಿ, ಮೋಟರು ಎಲ್ಲ ಕೂರಿಸಿದವನು ಅವನೇ. ಮೂರು ದಿನ ಫೋನು ಮಾಡಿಸಿಕೊಂಡು ಬಂದ. ಬಚ್ಚಲಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ. ಚಪ್ಪಲಿ ಕೂಡ ಬಿಡಲಿಲ್ಲ. ಷವರಿನ ತುದಿ ಸೋರುತ್ತಿದೆ, ಬೇಕಾದರೆ ಅದನ್ನು ಬದಲಿಸುತ್ತೇನೆ ಎಂದ. ಷವರಿನ ಮನೆ ಹಾಳಾಗಲಿ, ಕೆಳಗೆ ನೋಡು ಎಂದೆ. ಆಗ ಅವನು ಬಹಳ ಸಮಾಧಾನದಿಂದ, ನನಗೆ ಪಾಠ ಹೇಳುವವನ ಹಾಗೆ ಹೇಳಿದ:

"ನಂದು ಬರೋ ನೀರಿನ ಕೆಲಸ್ರಿ ಅಕ್ಕೋರ. ಹೋಗೋ ನೀರಿಗೆ ಬ್ಯಾರೇದವ್ರ ಅದಾರ. ನಿಮಗ ಗೊತ್ತಿದ್ದವ್ರ ಇರ್ತಾರಲ್ರಿ."

ಒಂದು ಕ್ಷಣ ಅವನ ಮಾತು ನನಗೆ ತಟ್ಟಲಿಲ್ಲ. ತಟ್ಟಿದ ಮೇಲೆ ಕಿವಿ ಬಿಸಿಯಾದವು. 'ನಿಮಗೆ ಗೊತ್ತಿದ್ದವರು' ಎಂದರೆ ಯಾರು? ನನಗೆ ಗೊತ್ತಿದ್ದವರು ಲೆಕ್ಕದ ಮೇಷ್ಟ್ರು, ಅಂಚೆ ಕಚೇರಿಯವರು, ಔಷಧ ಅಂಗಡಿಯವರು. ಅವನು ಹೇಳಿದ್ದು ಅವರನ್ನಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ, ನಮ್ಮ ಹೆಸರಿನ ಹಿಂದೆ ಮುಂದೆ ಏನೂ ಇಲ್ಲ. ಅಷ್ಟರ ಮೇಲೆ ಅವನು ತನ್ನ ಲೆಕ್ಕ ಹಾಕಿ ಮುಗಿಸಿದ್ದ. ಅವನು ಕೆಟ್ಟ ಮಾತು ಆಡಲಿಲ್ಲ, ದನಿ ಏರಿಸಲಿಲ್ಲ, 'ರೀ' ಬಿಡಲಿಲ್ಲ. ಅದೇ ನನ್ನನ್ನು ಉರಿಸಿದ್ದು. ಬೈದಿದ್ದರೆ ಬೈಯಬಹುದಿತ್ತು. ತರಗತಿಯಲ್ಲಿ ಅರವತ್ತು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುವ ನಾನು, ಅವನು ಗಾಡಿ ಹತ್ತಿ ಹೋಗುವವರೆಗೂ ಬಾಯಿ ತೆರೆಯಲಿಲ್ಲ. ಹೇಳಬೇಕಾದ ಮಾತುಗಳೆಲ್ಲ ಅವನು ಓಣಿಯ ತಿರುವು ದಾಟಿದ ಮೇಲೆ ಸಾಲಾಗಿ ಬಂದವು. ಈಗ ನಮ್ಮ ಜೊತೆಯಲ್ಲೇ ಇರುವ ಅವ್ವ ಒಳಗೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವಳಿಗೆ ಕೇಳಿಸಿತ್ತು. ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

ಅವ್ವನ ಬಗ್ಗೆ ಈಗ ಹೇಳಲೇಬೇಕು, ಏಕೆಂದರೆ ನನ್ನ ಸಿಟ್ಟಿನ ಒಂದು ಪಾಲು ಅವಳ ಮೇಲೂ ಇತ್ತು. ನನಗೆ ನೌಕರಿಯ ಆದೇಶ ಬಂದ ದಿನ ಅವ್ವ ಕೆಲಸದ ನಾಲ್ಕೂ ಮನೆಗಳಿಗೆ ಹೋಗಿ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಬಂದಳು. ಬಂದವಳು ಕೈ ತೊಳೆದುಕೊಂಡು ಒಂದು ಕಟ್ಟಳೆ ಹಾಕಿದಳು. ಇನ್ನು ತನ್ನ ಕೈ ಬಚ್ಚಲಿನ ತೂತಿಗೆ ಹೋಗುವುದಿಲ್ಲ, ತನ್ನ ಮಗಳ ಕೈಯೂ ಹೋಗಕೂಡದು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕಾನೂನು. ಬಾಗಿದ ಕೊಳವೆಯ ಚಿತ್ರವನ್ನು ಹಲಗೆಯ ಮೇಲೆ ನೂರು ಸಲ ಬರೆದಿರುವ ನಾನು, ನಿಜವಾದ ಒಂದು ಕೊಳವೆಯೊಳಗೆ ಬೆರಳು ಇಟ್ಟವಳಲ್ಲ. ನಮ್ಮ ಮನೆಯವರಂತೂ ಅತ್ತೆಯ ಈ ಒಂದು ಆಜ್ಞೆಯನ್ನು ಪಾಲಿಸಿದಷ್ಟು ಭಕ್ತಿಯಿಂದ ಬೇರೆ ಯಾವುದನ್ನೂ ಪಾಲಿಸಿಲ್ಲ.

ಲಿಂಗಸುಗೂರಿನಲ್ಲಿ ಈ ಮನೆ ಕಟ್ಟಿಸುವಾಗ ಗೌಂಡಿ ಮಹಿಬೂಬಸಾಬರು ಬಚ್ಚಲಿನ ಹೊರಗೋಡೆಯ ಪಕ್ಕ, ಪೈಪು ತಿರುಗುವಲ್ಲಿ, ಒಂದು ಸಣ್ಣ ಚೇಂಬರ್ ಮಾಡಿ ಕಬ್ಬಿಣದ ಹಿಡಿಯಿರುವ ಮುಚ್ಚಳ ಇಟ್ಟಿದ್ದರು. ಅವ್ವ ಅದನ್ನು ನೋಡಿ ಹಿಡಿ ಯಾಕೆ ಎಂದು ಕೇಳಿದಳು. ಕಟ್ಟಿಕೊಂಡಾಗ ಎತ್ತಿ, ಕೈ ಹಾಕಿ ಸಾಫು ಮಾಡಲು ಎಂದರು ಅವರು. ಯಾರ ಕೈ ಎಂದಳು ಅವ್ವ. ಮಹಿಬೂಬಸಾಬರು ಆಕಾಶ ನೋಡಿದರು, ಭೂಮಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಹಾಕೋ ಕೈ ಈ ಮನ್ಯಾಗ ಇಲ್ಲ," ಎಂದಳು ಅವ್ವ. "ಮುಚ್ಚು."

ಬಾಗಿಲಿಲ್ಲದ ಮನೆ ಕಟ್ಟಿದಂತೆ ಆಗುತ್ತದೆ ಎಂದು ಅವರು ಬಹಳ ಹೇಳಿದರು. ಅವ್ವ ಕೇಳಲಿಲ್ಲ. ಎದುರಿಗೆ ನಿಂತು ಹಿಡಿ ಕೀಳಿಸಿದಳು, ಸುತ್ತ ಸಿಮೆಂಟು ಹಾಕಿಸಿದಳು, ಮೇಲೆ ನೆಲದ ಮಟ್ಟಕ್ಕೆ ಗಿಲಾವು ಮಾಡಿಸಿದಳು. ಬುದ್ಧಪೂರ್ಣಿಮೆಗೆ ಮನೆ ಹೊಕ್ಕಾಗ ಅದೇ ಜಾಗದಲ್ಲಿ ರಂಗೋಲಿ ಬಿಟ್ಟಳು. ಎರಡನೆಯ ವರ್ಷಕ್ಕೆ ಅಲ್ಲಿ ಚೇಂಬರ್ ಇತ್ತೆಂಬುದೇ ನಮಗೆ ಮರೆತುಹೋಗಿತ್ತು. ವಿಜ್ಞಾನ ಓದಿದ ನಾನು ಅವತ್ತು ಬಾಯಿಮುಚ್ಚಿಕೊಂಡು ನಿಂತಿದ್ದೆ. ಯಾಕೆಂದರೆ ಆ ಸಿಮೆಂಟು ಹಾಕಿಸುವಾಗ ಅವಳ ಮುಖದಲ್ಲಿ ಇದ್ದ ಹೆಮ್ಮೆಯನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಅದರ ಮುಂದೆ ಕೊಳವೆಯ ವಿಜ್ಞಾನ ಹೇಳಲು ನನಗೆ ಮನಸ್ಸಾಗಲಿಲ್ಲ.

ವೀರೇಶ ಬಂದುಹೋದ ಮರುದಿನ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಶಾಲೆಯಲ್ಲಿ ಕಸ ಗುಡಿಸುವ ದೇವಮ್ಮನನ್ನು ವರಾಂಡದ ಮೂಲೆಗೆ ಕರೆದು, ನಮ್ಮ ಮನೆಯ ಬಚ್ಚಲು ಕಟ್ಟಿದೆ, ಯಾರಾದರೂ ಇದ್ದರೆ ಕಳಿಸು ಎಂದೆ. ಬಹಳ ಮೆಲ್ಲಗೆ, ಬಹಳ ಸಭ್ಯವಾಗಿ ಕೇಳಿದೆ. ಅವಳು ಪೊರಕೆ ಕೆಳಗಿಟ್ಟು ನನ್ನನ್ನು ನೋಡಿದಳು. ಅವಳ ತವರೂ ಮಸ್ಕಿ, ನನ್ನ ಅವ್ವನನ್ನು ಬಲ್ಲಳು.

"ನೀವ ಕೇಳ್ತೀರೇನ್ರಿ ಅಕ್ಕೋರ?" ಎಂದಳು. ಅಷ್ಟೇ. ಪೊರಕೆ ಎತ್ತಿಕೊಂಡು ಹೋದಳು.

ಆ ಪೀರಿಯಡ್ಡಿನಲ್ಲಿ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಪ್ಲಂಬರನ ಮೇಲೆ ಒಂದು ದಿನವಿಡೀ ಹೊತ್ತಿಸಿ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಹೋಯಿತು. ಅವನು ಹೇಳಿದ್ದನ್ನೇ ನಾನು ಮಾಡಿದ್ದೆ. ಗೊತ್ತಿದ್ದವರನ್ನು ಹುಡುಕಿಕೊಂಡು ಹೋಗಿದ್ದೆ.

ಮರುದಿನ ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋದರೆ, ನುಗ್ಗೆಗಿಡಕ್ಕೂ ಗೋಡೆಯ ಮೊಳೆಗೂ ಒಂದು ಹಳೆಯ ಸೀರೆ ಕಟ್ಟಿತ್ತು. ಅದರ ಹಿಂದೆ ಅವ್ವ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಮೈಮೇಲೆ ನೀರು ಹಾಕಿಕೊಳ್ಳುತ್ತಿದ್ದಳು. ನಿಂತ ನೀರಿನಲ್ಲಿ ಕಾಲು ಜಾರುತ್ತದೆ ಎಂದು ನಾಲ್ಕು ದಿನದಿಂದ ಹೀಗೇ ಮಾಡುತ್ತಿದ್ದಳಂತೆ, ನಾನು ಏಳುವ ಮೊದಲೇ ಮುಗಿಸಿಬಿಡುತ್ತಿದ್ದಳು. ನೀರು ಗಿಡಕ್ಕೆ ಹೋಗುತ್ತದಲ್ಲ, ಒಳ್ಳೆಯದೇ ಆಯಿತು ಎಂದಳು. ನನಗೆ ಅಳು ಬಂತು. ಅವಳು ಬದುಕಿನುದ್ದಕ್ಕೂ ಮಿಂದದ್ದು ಹೀಗೇ, ಊರು ಏಳುವ ಮೊದಲು, ಸೀರೆಯ ಮರೆಯಲ್ಲಿ, ಮೈ ಕುಗ್ಗಿಸಿಕೊಂಡು. ಒಳಗಿನಿಂದ ಚಿಲಕ ಹಾಕುವ ಒಂದು ಬಚ್ಚಲು ಅವಳಿಗೆ ಇರಬೇಕು ಎಂಬ ಒಂದೇ ಹಟಕ್ಕೆ ನಾನು ಈ ಮನೆ ಕಟ್ಟಿಸಿದ್ದು. ಅವಳ ಎತ್ತರಕ್ಕೆ ನಲ್ಲಿ, ಅವಳು ಹಿಡಿದು ಏಳಲು ಗೋಡೆಗೆ ಸರಳು, ಕಾಲು ಜಾರದ ಟೈಲ್ಸು. ಎಲ್ಲ ಇದ್ದೂ ಅವಳು ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ ಮತ್ತೆ ಅದೇ ಸೀರೆಯ ಹಿಂದೆ ಕುಳಿತಿದ್ದಳು. ಕೂದಲಿನ ಮೇಲೆ, ಗಂಡನ ಮೇಲೆ, ಪ್ಲಂಬರನ ಮೇಲೆ ಇದ್ದ ಸಿಟ್ಟೆಲ್ಲ ಒಟ್ಟಾಗಿ ನನ್ನ ಮೇಲೇ ಬಂದು ಬಿತ್ತು.

ಭಾನುವಾರ ಮಸ್ಕಿಯಲ್ಲಿ ನಮ್ಮ ನೆಂಟರ ಮಗುವಿಗೆ ಹೆಸರಿಡುವುದಿತ್ತು. ಅವ್ವನನ್ನು ಕರೆದುಕೊಂಡು ನಮ್ಮ ಮನೆಯವರು ಹೊರಟರು. ನನಗೆ ಉತ್ತರ ಪತ್ರಿಕೆ ನೋಡುವುದಿದೆ ಎಂದು ಸುಳ್ಳು ಹೇಳಿ ಉಳಿದೆ. ಬಸ್ಸು ಹೋದದ್ದು ಖಾತ್ರಿಯಾದ ಮೇಲೆ, ಮರೆತಿದ್ದ ಆ ಚೇಂಬರ್ ತೆರೆಸಲು ಮಹಿಬೂಬಸಾಬರನ್ನು ಕರೆಸಿದೆ. ಅವರಿಗೂ ವಯಸ್ಸಾಗಿದೆ, ಮೊಣಕಾಲು ಬಗ್ಗುವುದಿಲ್ಲ. ಸ್ಟೂಲಿನ ಮೇಲೆ ಕುಳಿತೇ ಉಳಿ ಸುತ್ತಿಗೆ ಹಿಡಿದು, ತಾವೇ ಮುಚ್ಚಿದ್ದನ್ನು ತಾವೇ ಒಡೆದರು. ಪ್ರತಿ ಏಟಿಗೂ ಬೀದಿಯ ಕಡೆ ನೋಡುತ್ತಿದ್ದರು. ಹುಲಿಗೆಮ್ಮ ಬಂದರೆ ತಮ್ಮ ತಲೆ ಒಡೆಯುತ್ತಾಳೆ ಎಂದು ಅವರ ಹೆದರಿಕೆ, ನನ್ನದೂ ಅದೇ. ಮುಚ್ಚಳ ಸರಿಸಿದಾಗ ಬಂದ ವಾಸನೆಯನ್ನು ವರ್ಣಿಸುವುದಿಲ್ಲ. ಕಪ್ಪು ನೀರು ಅಂಚಿನವರೆಗೆ ತುಂಬಿ ಸುಮ್ಮನೆ ನಿಂತಿತ್ತು.

ಪೈಪಿನ ಬಾಯಿಯಲ್ಲಿ ಏನೋ ಕೂತಿದೆ, ಕೈ ಹಾಕಿಯೇ ತೆಗೆಯಬೇಕು ಎಂದರು ಅವರು. ಆಮೇಲೆ ಸಂಕೋಚದಿಂದ, ಯಾರನ್ನಾದರೂ ಕರೆದು ತರಲೇ ಎಂದು ಕೇಳಿದರು. ನನಗೆ ದೇವಮ್ಮನ ಮುಖ ಕಣ್ಣಿಗೆ ಬಂತು. ಬೇಡ ಎಂದೆ. ಸೆರಗು ಸಿಕ್ಕಿಸಿ, ಬಳೆ ತೆಗೆದಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನೆಲಕ್ಕೆ ಮಲಗಿದಂತೆ ಬಗ್ಗಿದೆ. ಚೀಲ ಮೊದಲ ಗಳಿಗೆಯಲ್ಲೇ ಹರಿಯಿತು. ಮೊಣಕೈ ಮುಳುಗಿತು. ಬೆರಳಿಗೆ ಲೋಳೆ ಸಿಕ್ಕಿತು, ಕೂದಲಿನ ಸಿಂಬೆ ಸಿಕ್ಕಿತು, ಅದರೊಳಗೆ ಕಲ್ಲಿನಂಥದ್ದೇನೋ ಸಿಕ್ಕಿತು. ಎಳೆದರೆ ಬರಲಿಲ್ಲ. ಇದನ್ನು ಅವ್ವ ಮೂವತ್ತು ವರ್ಷ ದಿನಾ ನಾಲ್ಕು ಕಡೆ ಹೇಗೆ ಮಾಡಿದಳು ಎಂದು ನನಗೆ ಆಗ ಮೊದಲ ಸಲ ಕೇಳಬೇಕೆನಿಸಿತು.

ಆ ಹೊತ್ತಿಗೆ ಮಹಿಬೂಬಸಾಬರು ಕೆಮ್ಮಿದರು. ತಲೆ ತಿರುಗಿಸಿದರೆ ಅವ್ವ ನಿಂತಿದ್ದಳು. ನನ್ನ ಸುಳ್ಳಿನ ವಾಸನೆ ಹತ್ತಿತ್ತೇನೋ, ಮಸ್ಕಿಯಲ್ಲಿ ಊಟಕ್ಕೆ ನಿಲ್ಲದೆ, ಅಳಿಯನನ್ನು ಅಲ್ಲೇ ಪಾಯಸದ ಮುಂದೆ ಬಿಟ್ಟು, ಸಿಕ್ಕ ಬಸ್ಸಿಗೆ ಬಂದುಬಿಟ್ಟಿದ್ದಳು. ಒಡೆದ ಸಿಮೆಂಟು ನೋಡಿದಳು. ಗೌಂಡಿಯನ್ನು ನೋಡಿದಳು. ಮೊಣಕೈವರೆಗೆ ಗಟಾರದಲ್ಲಿದ್ದ ನನ್ನ ಕೈಯನ್ನು ಬಹಳ ಹೊತ್ತು ನೋಡಿದಳು. ನಾನು ಕೈ ಹೊರಗೆ ತೆಗೆಯಲೂ ಆರದೆ, ಅಲ್ಲೇ ಇಡಲೂ ಆರದೆ, ಹೋಮ್‌ವರ್ಕ್ ಮಾಡದ ಹುಡುಗಿಯ ಹಾಗೆ ಬಿದ್ದುಕೊಂಡಿದ್ದೆ. ಈಗ ಬೈಯುತ್ತಾಳೆ, ಈಗ ಅಳುತ್ತಾಳೆ ಎಂದು ಕಾದೆ. ಅವಳು ಕೈಚೀಲವನ್ನು ಗೋಡೆಗೆ ಒರಗಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು.

"ಹಂಗ ಎಳದ್ರ ಬರಂಗಿಲ್ಲ ಬೇ," ಎಂದಳು. "ಭುಜ ಇಳಿಸು. ಮೊದಲ ಹಿಂದಕ ನೂಕು, ಸಡ್ಲ ಆಗಲಿ. ಆಮ್ಯಾಲ ತಿರುವಿ ಎಳಿ."

ನೂಕಿದೆ, ತಿರುವಿದೆ, ಎಳೆದೆ. ಎರಡನೆಯ ಸಲಕ್ಕೆ ಅದು ಬಂತು. ಹಿಂದೆಯೇ ನೀರು ಗೊಳಗೊಳನೆ ಸದ್ದು ಮಾಡುತ್ತ ಇಳಿದುಹೋಯಿತು. ಹನ್ನೊಂದು ದಿನ ಕಾದು ಕೇಳಿದ ಆ ಸದ್ದು ನನಗೆ ಶಾಲೆಯ ಕೊನೆಯ ಗಂಟೆಗಿಂತ ಇಂಪಾಗಿತ್ತು. ಕೈಯಲ್ಲಿದ್ದದ್ದು ಮುಷ್ಟಿಯಷ್ಟು ದೊಡ್ಡ ಸಿಮೆಂಟಿನ ಹೆಂಟೆ, ಸುತ್ತ ಕೂದಲು. ಮಹಿಬೂಬಸಾಬರು ಅದನ್ನು ನೋಡಿದ ಕೂಡಲೇ ಗುರುತು ಹಿಡಿದರು. ಮುಚ್ಚಳದ ಸುತ್ತ ಗಿಲಾವು ಹಾಕಿದ ದಿನ ಸಂದಿಯಿಂದ ಒಳಗೆ ಬಿದ್ದ ಹಸಿ ಸಿಮೆಂಟಿನ ಮಾಲು, ಪೈಪಿನ ಬಾಯಲ್ಲೇ ಗಟ್ಟಿಯಾಗಿತ್ತು. ಇಷ್ಟು ವರ್ಷ ಪಕ್ಕದ ಸಂದಿಯಲ್ಲಿ ನೀರು ನುಸುಳಿ ಹೋಗುತ್ತಿತ್ತು. ಕೂದಲು ಬಂದು ಆ ಸಂದಿಯನ್ನೂ ತುಂಬಿತು. ತಪ್ಪು ತಮ್ಮದೇ, ಅವತ್ತು ಗೋಣಿಚೀಲ ಒತ್ತಿ ಮುಚ್ಚಬೇಕಿತ್ತು ಎಂದು ಅವರು ಹೇಳತೊಡಗಿದರು. ಅವ್ವ ಅವರನ್ನು ತಡೆದು, ಹಾಕಿಸಿದವಳು ತಾನು ಎಂದಳು. ಆ ಹೆಂಟೆಯನ್ನು ಇಸಿದುಕೊಂಡು ಒಮ್ಮೆ ತಿರುಗಿಸಿ ನೋಡಿ ಮೂಲೆಗೆ ಎಸೆದಳು.

ಆಮೇಲೆ ನನ್ನನ್ನು ನಲ್ಲಿಯ ಹತ್ತಿರ ಕೂರಿಸಿಕೊಂಡು ಕೈ ತೊಳೆದಳು. ಮೂರು ಸಲ ಸೋಪು ಹಚ್ಚಿದಳು. ಉಗುರಿನ ಸಂದಿ, ಬೆರಳಿನ ಸಂದಿ, ಮೊಣಕೈಯ ಮಡಿಕೆ, ಒಂದನ್ನೂ ಬಿಡಲಿಲ್ಲ. ನಾನು ಸಣ್ಣವಳಿದ್ದಾಗ ಅವಳು ಕೆಲಸದಿಂದ ಬಂದು ಬಹಳ ಹೊತ್ತು ಕೈ ತಿಕ್ಕಿಕೊಳ್ಳುತ್ತಿದ್ದಳು. ನಾನು ಅಪ್ಪಿಕೊಳ್ಳಲು ಓಡಿ ಹೋದರೆ ತಡಿ ತಡಿ ಎನ್ನುತ್ತಿದ್ದಳು. ಅವಳಿಗೆ ಹೀಗೆ ಯಾರೂ ತೊಳೆದಿರಲಿಲ್ಲ. ನಿನ್ನ ಮಾತು ಮೀರಿದ್ದಕ್ಕೆ ಸಿಟ್ಟು ಬಂದಿಲ್ಲವೇ ಎಂದು ಕೇಳಿದೆ.

"ಮಂದಿ ಬಚ್ಚಲಾಗ ಕೈ ಹಾಕಬ್ಯಾಡಂದಿದ್ದೆ," ಎಂದಳು ಕೈ ಬಿಡದೆ. "ಇದು ನಿಂದು. ಇದಕ್ಕೂ ಒಬ್ಬಾಕೀನ ಕರದ್ರ, ಆಕೀ ಮನ್ಯಾಗೂ ಒಬ್ಬಾಕಿ ಮಗಳ ಇರ್ತಾಳಲ್ಲ."

ನಾನು ದೇವಮ್ಮನನ್ನು ಕೇಳಿದ್ದನ್ನು ಅವಳಿಗೆ ಹೇಳಿರಲಿಲ್ಲ. ಈಗಲೂ ಹೇಳಿಲ್ಲ. ದೇವಮ್ಮನಿಗೆ ಮಾತ್ರ ಸೋಮವಾರ ಶಾಲೆಯಲ್ಲಿ, ನಮ್ಮ ಬಚ್ಚಲನ್ನು ನಾನೇ ತೆಗೆದೆ ಎಂದು ಹೇಳಿದೆ. ಅವಳು ನಕ್ಕು, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯಬೇಕಿತ್ತು ಎಂದು ಬುದ್ಧಿ ಹೇಳಿದಳು.

ಈಗ ಮುಚ್ಚಳಕ್ಕೆ ಮತ್ತೆ ಹಿಡಿ ಬಂದಿದೆ. ತಿಂಗಳಿಗೊಮ್ಮೆ ಎತ್ತುತ್ತೇವೆ, ಸರದಿಯ ಮೇಲೆ. ಮೊದಲ ಸರದಿ ನಮ್ಮ ಮನೆಯವರಿಗೆ ಬಂತು. ಆವತ್ತು ಕಚೇರಿಯಲ್ಲಿ ತುರ್ತು ಕೆಲಸವಿದೆ ಎಂದರು, ಭಾನುವಾರ ಕಾಲುವೆಯೂ ರಜೆ ಎಂದಳು ಅವ್ವ. ಕಬ್ಬಿಣದ ಹಿಡಿಯನ್ನು ಅವರು ಎತ್ತಿದ ರೀತಿ ನೋಡಿದ್ದರೆ ಸಿಂಧನೂರಿನ ತೂಬುಗಳ ಭವಿಷ್ಯದ ಬಗ್ಗೆ ನಿಮಗೂ ಚಿಂತೆಯಾಗುತ್ತಿತ್ತು. ಅವ್ವ ಮಾತ್ರ ಕಲ್ಲಿನ ಮೇಲೆ ಕುಳಿತು ಭುಜ ಇಳಿಸು, ತಿರುವು, ಎಳಿ ಎಂದು ಸಮಾಧಾನದಿಂದ ಹೇಳುತ್ತಲೇ ಇದ್ದಳು. ನಾನು ಇಪ್ಪತ್ತು ವರ್ಷದಲ್ಲಿ ಯಾವ ಮಗುವಿಗೂ ಅಷ್ಟು ತಾಳ್ಮೆಯಿಂದ ಪಾಠ ಹೇಳಿಲ್ಲ.

ಸಿಟ್ಟು ಇಳಿಯಿತೇ ಎಂದು ಕೇಳುತ್ತೀರಿ. ಇಲ್ಲ. ವೀರೇಶ ದಾರಿಯಲ್ಲಿ ಸಿಕ್ಕಾಗ ಈಗಲೂ ಷವರ್ ಹೇಗಿದೆಯೆಂದೇ ಕೇಳುತ್ತಾನೆ, ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊನ್ನೆಯಂತೂ ಗಿರಿಜಕ್ಕ ನಮ್ಮ ಮನೆಗೆ ಬಂದು ಕುಳಿತು, ಅದೂ ಇದೂ ಮಾತಾಡಿ, ಕಡೆಗೆ ತಮ್ಮ ಬಚ್ಚಲೂ ಕಟ್ಟಿದೆ ಎಂದರು. ಸೋಡಾ ಹಾಕಿ ಆಯಿತಂತೆ, ನಿಂಬೆಹಣ್ಣು ಹಿಂಡಿ ಆಯಿತಂತೆ, ವೀರೇಶನೂ ಬಂದು ಹೋದನಂತೆ. ನಿಮ್ಮ ಅವ್ವನವರಿಗೆ ಇದೆಲ್ಲ ಚೆನ್ನಾಗಿ ಗೊತ್ತಂತಲ್ಲ, ಒಮ್ಮೆ ಬಂದು ನೋಡುತ್ತಾರೇನು ಎಂದರು. ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಓಣಿಯ ತಿರುವು ದಾಟುವವರೆಗೆ ಕಾಯದೆ ಈ ಸಲ ಹೇಳಿಯೇ ಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು.

"ನಡೀ ಬರ್ತೀನಿ," ಎಂದಳು ಗಿರಿಜಕ್ಕನಿಗೆ. "ಒಂದ ಕುರ್ಚಿ ಹಾಕು, ಕುಂತು ಹೇಳ್ತೀನಿ. ಕೈ ನಿಂದು."